ಮನೆ ಮನೆಯ ಉಪ್ಪು

ಪ್ರಥಮ ಚಿಕಿತ್ಸೆ ಕಲಿಯಲೆಂದು ಗುಂಡ್ಲಕಟ್ಟಿಯಿಂದ ಕೊಪ್ಪಳಕ್ಕೆ ಹೋಗಿಬಂದವರು ಏಳೆಂಟು ಮಂದಿ ಇದ್ದರು. ಕೊನೆಗೆ ಆ ಕೆಲಸಕ್ಕೆ ಉಳಿದವರು ಇಬ್ಬರೇ. ಒಬ್ಬಳು ಮಹೇಶ್ವರಿ, ಇನ್ನೊಬ್ಬ ಟಂಟಂ ಆಟೋ ಓಡಿಸುವ ಹೈದರಸಾಬ. ಉಳಿದವರಲ್ಲಿ ಹುಡುಗಿಯರು ಮದುವೆಯಾಗಿ ಬೇರೆ ಊರು ಸೇರಿದರು, ಒಬ್ಬನಿಗೆ ಮುನಿರಾಬಾದಿನಲ್ಲಿ ಕೆಲಸ ಸಿಕ್ಕಿತು, ಮತ್ತೊಬ್ಬ ರಕ್ತ ಕಂಡರೆ ತಾನೇ ಬವಳಿ ಬಂದು ಬೀಳುತ್ತಿದ್ದ.

ಗುಂಡ್ಲಕಟ್ಟಿ ಕಾಲುವೆಯ ದಂಡೆಗಿರುವ ಊರು. ಗಂಗಾವತಿ ದೂರವೇನಲ್ಲ, ಆದರೆ ನಡುವಿನ ರಸ್ತೆಯನ್ನು ಭತ್ತದ ಲಾರಿಗಳು ಅರೆದು ಹಾಕಿದ್ದವು. ಹಾಗಾಗಿ ಊರಿನಲ್ಲಿ ಯಾರಿಗೆ ಏನಾದರೂ ಮೊದಲು ಓಡಿ ಬರುತ್ತಿದ್ದುದು ಮಹೇಶ್ವರಿಯ ಮನೆಗೆ. ತರಬೇತಿ ಕೊಟ್ಟವರು ಕೊಟ್ಟ ಕೆಂಪು ಚೀಲ ಅವಳ ಮನೆಯ ಗೂಟದಲ್ಲಿ ತೂಗುತ್ತಿತ್ತು. ಕೈ ಮುರಿದವರು, ಸುಟ್ಟುಕೊಂಡವರು, ಮೂರ್ಛೆ ಬಂದವರು, ಎಲ್ಲರಿಗೂ ಆಕೆ ಕಲಿತಷ್ಟು ಮಾಡುತ್ತಿದ್ದಳು. ಹೈದರಸಾಬ ಟಂಟಂ ತರುತ್ತಿದ್ದ. ಗಂಡ ಯಂಕೋಬ ಮೊದಮೊದಲು ಗೊಣಗುತ್ತಿದ್ದವನು ಆಮೇಲೆ ಸುಮ್ಮನಾದ.

ಹಿಂದಿನ ಮಳೆಗಾಲದಲ್ಲಿ ಆಡುಗಳಿಗೆ ಸೊಪ್ಪು ಕಡಿಯುತ್ತಿದ್ದ ಪಕ್ಕೀರಪ್ಪನಿಗೆ ಹಾವು ಕಚ್ಚಿತ್ತು. ಜನ ಕಾಲಿಗೆ ಹಗ್ಗ ಬಿಗಿದು ಮಂತ್ರ ಹಾಕುವವನ ಮನೆಗೆ ಎತ್ತಿಕೊಂಡು ಹೊರಟಿದ್ದರು. ಮಹೇಶ್ವರಿ ಜಗಳವಾಡಿ ಹಗ್ಗ ಬಿಚ್ಚಿಸಿ, ಕಾಲು ಅಲುಗದಂತೆ ಕಟ್ಟಿಗೆ ಕಟ್ಟಿ, ಟಂಟಂನಲ್ಲಿ ಮಲಗಿಸಿಕೊಂಡು ಗಂಗಾವತಿಗೆ ಒಯ್ದಳು. ಪಕ್ಕೀರಪ್ಪ ಬದುಕಿ ಬಂದ. ಅಂದಿನಿಂದ ಅವನ ಹೆಂಡತಿ ಹುಲಗಮ್ಮನ ಮನೆಯಲ್ಲಿ ಏನು ಸಿಹಿ ಮಾಡಿದರೂ ಮೊದಲ ಪಾಲು ಮಹೇಶ್ವರಿಯದು. ಅದನ್ನು ತಟ್ಟೆಯಲ್ಲಿ ಮುಚ್ಚಿ ತರುತ್ತಿದ್ದವಳು ಮಗಳು ಅನುಷಾ. ಗಂಗಾವತಿಯ ಕಾಲೇಜಿಗೆ ಆ ವರ್ಷವಷ್ಟೇ ಸೇರಿದ್ದಳು. ತಟ್ಟೆ ಇಟ್ಟು ಹಾಗೇ ಹೋಗುವವಳಲ್ಲ. ಕಟ್ಟೆಯ ಮೇಲೆ ಕುಳಿತು, ತರಬೇತಿಯಲ್ಲಿ ಕಾಲಿಲ್ಲದ ರಬ್ಬರ್ ಗೊಂಬೆಯ ಬಾಯಿಗೆ ಬಾಯಿಟ್ಟು ಊದಿದ ಕತೆಯನ್ನು ಮತ್ತೆ ಮತ್ತೆ ಹೇಳಿಸಿ ನಗುತ್ತಿದ್ದಳು.

ಅದು ಮಹಾನವಮಿಗೆ ಮುಂಚಿನ ವಾರ. ಎಲ್ಲರ ಮನೆಯಲ್ಲೂ ಸುಣ್ಣ ಬಳಿಯುವ, ಹಾಸಿಗೆ ಹೊದಿಕೆ ತೊಳೆಯುವ ಗಡಿಬಿಡಿ. ಕಾಲುವೆ ತುಂಬಿ ಹರಿಯುತ್ತಿತ್ತು. ಮೆಟ್ಟಿಲುಗಳ ಮೇಲೆ ಹೆಣ್ಣುಮಕ್ಕಳು ಸಾಲಾಗಿ ನಿಂತು, ಹಳೇ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಒಗೆಯುತ್ತಿದ್ದರು. ನೀರು ಕುಡಿದ ಕೌದಿಯನ್ನು ಮೇಲೆತ್ತಲು ಇಬ್ಬರು ಬೇಕು. ಹುಲಗಮ್ಮ ಮತ್ತು ಅನುಷಾ ತಮ್ಮ ಕೌದಿಗಳನ್ನು ಒಗೆದು ಒಂದೊಂದಾಗಿ ಹಿಂಡಿ ಮೇಲೆ ಸಾಗಿಸಿದ್ದರು. ಕೊನೆಯದೊಂದು ಉಳಿದಿತ್ತು. ಹುಲಗಮ್ಮ ದಂಡೆಯ ಮೇಲೆ ಜಾಲಿ ಕಂಟಿಗಳಿಗೆ ಕೌದಿ ಹರವುತ್ತಿದ್ದಳು. ಅನುಷಾ ಕೊನೆಯ ಮೆಟ್ಟಿಲಲ್ಲಿ ನಿಂತು ಉಳಿದದ್ದನ್ನು ಜಾಲಿಸುತ್ತಿದ್ದಳು. ಸೆಳವು ಕೌದಿಯನ್ನು ಬಿಚ್ಚಿ ಎಳೆಯಿತು. ಅವಳ ಕೈಯಲ್ಲಿ ಒಂದು ಮೂಲೆ ಮಾತ್ರ ಉಳಿಯಿತು.

"ಹಿಡಿಯವ್ವಾ, ಬಿಡಬ್ಯಾಡ!" ಎಂದು ಹುಲಗಮ್ಮ ಮೇಲಿಂದ ಕೂಗಿದಳು.

ಅನುಷಾ ಬಿಡಲಿಲ್ಲ. ಪಾಚಿಗಟ್ಟಿದ ಮೆಟ್ಟಿಲು ಕಾಲು ಜಾರಿಸಿತು. ಪಕ್ಕದಲ್ಲಿದ್ದ ಹೆಂಗಸು ಕೈ ಚಾಚುವಷ್ಟರಲ್ಲಿ ಹುಡುಗಿ ಕೌದಿಯ ಜೊತೆಗೇ ನಡುಕಾಲುವೆಗೆ ಹೋಗಿದ್ದಳು. ಒಮ್ಮೆ ತಲೆ ಕಂಡಿತು, ಆಮೇಲೆ ಕೌದಿಯ ಕೆಂಪು ಅಂಚು ಮಾತ್ರ. ಹುಲಗಮ್ಮ ಕೂಗಿದ ಮಾತನ್ನು ಅಲ್ಲಿದ್ದ ಎಲ್ಲ ಹೆಣ್ಣುಮಕ್ಕಳೂ ಕೇಳಿದ್ದರು. ಮುಂದೆ ಯಾರೂ ಅದನ್ನು ಬಾಯಿಗೆ ತರಲಿಲ್ಲ.

ಕೂಗು ಕೇಳಿ ಹೈದರಸಾಬ ರಸ್ತೆಯಲ್ಲೇ ಟಂಟಂ ಬಿಟ್ಟು ಓಡಿದ. ಅವನಿಗೆ ಈಜು ಬರುತ್ತಿತ್ತು. ಕೆಳಗಿನ ಸೇತುವೆಯ ಕಂಬಕ್ಕೆ ಕೌದಿ ಸುತ್ತಿಕೊಂಡಿತ್ತು. ಮುಳುಗಿ, ಎದ್ದು, ಮತ್ತೆ ಮುಳುಗಿ, ಕೌದಿಯ ಒಳಗಿಂದ ಹುಡುಗಿಯನ್ನು ಬಿಡಿಸಿಕೊಂಡು ದಂಡೆಗೆ ತರುವಷ್ಟರಲ್ಲಿ ತೀರಾ ಹೊತ್ತಾಗಿತ್ತು.

ಮಹೇಶ್ವರಿ ಚೀಲ ಹಿಡಿದು ಬಂದಾಗ ಇಬ್ಬರು ಗಂಡಸರು ಅನುಷಾಳ ಕಾಲು ಹಿಡಿದು ತಲೆಕೆಳಗು ಮಾಡಿದ್ದರು. ಮತ್ತೊಬ್ಬ ಹೊಟ್ಟೆ ಅಮುಕುತ್ತಿದ್ದ.

"ಇಳಸ್ರಿ! ಮದ್ಲ ಕೆಳಗ ಇಳಸ್ರಿ!" ಎಂದು ಅವಳು ಚೀರಿದಳು.

"ನೀರು ಹೊರಗ ಬರಬೇಕಲ್ಲಬೇ."

"ನೀರಲ್ಲ, ಉಸರು ಹೋಗಬೇಕು ಆಕಿಗೆ. ಇಳಸ್ರಿ ಅಂದ್ನೆಲ್ಲ!"

ಪಕ್ಕೀರಪ್ಪನನ್ನು ಉಳಿಸಿದವಳ ಮಾತು. ಅವರು ಇಳಿಸಿದರು. ಮಹೇಶ್ವರಿ ಮಣ್ಣಿನಲ್ಲಿ ಮೊಣಕಾಲೂರಿ ಹುಡುಗಿಯ ಗದ್ದ ಎತ್ತಿ, ಬಾಯೊಳಗಿನ ಕಸ ತೆಗೆದು, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಊದಿದಳು. ಎದೆ ಏರಿತು, ಇಳಿಯಿತು. ಮತ್ತೆ ಊದಿದಳು. ಆಮೇಲೆ ಎದೆಯ ನಡುವೆ ಅಂಗೈಯಿಟ್ಟು ಒತ್ತತೊಡಗಿದಳು. ಹುಡುಗಿಯ ಬಾಯಿಂದ ನೊರೆ ಬಂತು. ಒರೆಸಿ ಮತ್ತೆ ಊದಿದಳು. ರಬ್ಬರ್ ಗೊಂಬೆಯ ಎದೆ ಒತ್ತಿದರೆ ಅಷ್ಟೇ ಬಿರುಸಾಗಿ ಮೇಲೆ ಬರುತ್ತಿತ್ತು. ಇದು ಹಾಗಿರಲಿಲ್ಲ. ಒಮ್ಮೆ ಒತ್ತಿದಾಗ ಅಂಗೈ ಕೆಳಗೆ ಏನೋ ಚಟ್ಟೆಂದಿತು. ಪಕ್ಕೆಲುಬು. ಮುರಿದರೂ ನಿಲ್ಲಿಸಬಾರದು ಎಂದು ಕಲಿಸಿದ್ದರು. ಅವಳು ನಿಲ್ಲಿಸಲಿಲ್ಲ.

ಹೈದರಸಾಬ ಒದ್ದೆ ಬಟ್ಟೆಯಲ್ಲೇ ಎದುರು ಕುಳಿತ. "ಸರಿ ತಂಗಿ, ನಾ ಒತ್ತತೀನಿ. ನೀ ಊದು."

ಯಾರೋ ನೂರಾಎಂಟಕ್ಕೆ ಫೋನು ಹಚ್ಚಿದ್ದರು. ಗಂಗಾವತಿಯ ಗಾಡಿ ಬೇರೆ ಕಡೆ ಹೆರಿಗೆಗೆ ಹೋಗಿತ್ತು, ಇನ್ನೊಂದು ಬರಬೇಕಿತ್ತು.

"ಟಂಟಂನಾಗ ಹಾಕ್ಕೊಂಡು ಹೋಗೂಣೇನು?" ಎಂದ ಹೈದರಸಾಬ, ಒತ್ತುತ್ತಲೇ.

ಮಹೇಶ್ವರಿ ರಸ್ತೆಯ ಗುಂಡಿಗಳನ್ನು ನೆನೆದಳು. ಆ ಕುಲುಕಾಟದಲ್ಲಿ ಒತ್ತುವುದೂ ಆಗದು, ಊದುವುದೂ ಆಗದು. ನಿಲ್ಲಿಸಿದರೆ ಇರುವ ಆಸೆಯೂ ಹೋಯಿತು. ಇಲ್ಲೇ ಮಾಡುತ್ತ ಕೂತರೆ ದವಾಖಾನೆ ದೂರವೇ ಉಳಿಯಿತು. ಯಾವುದು ಸರಿ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಇಲ್ಲೇ ಮಾಡೂಣಣ್ಣ. ಗಾಡಿ ಬರ್ತೈತಿ," ಎಂದಳು.

ಹುಲಗಮ್ಮ ಮಗಳ ಕಾಲ ಬುಡದಲ್ಲಿ ಕುಳಿತು ಎರಡೂ ಪಾದಗಳನ್ನು ಉಜ್ಜುತ್ತಿದ್ದಳು. ಅಳುತ್ತಿರಲಿಲ್ಲ. "ಮಹೇಶ್ವರಿ ಬಂದಾಳಲ್ಲ, ಇನ್ನೇನಿಲ್ಲ ಬಿಡ್ರಿ. ಮಹೇಶ್ವರಿ ಬಂದಾಳ," ಎಂದು ಸುತ್ತಲಿನವರಿಗೆ ಹೇಳುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮಹೇಶ್ವರಿ ತನ್ನ ಸರದಿಯಲ್ಲಿ ಇನ್ನಷ್ಟು ಜೋರಾಗಿ ಒತ್ತುತ್ತಿದ್ದಳು. ತೋಳು ಸೋತವು. ಇಬ್ಬರೂ ಮತ್ತೆ ಮತ್ತೆ ಸ್ಥಳ ಬದಲಾಯಿಸಿದರು. ಅನುಷಾಳ ತುಟಿಯ ನೀಲಿ ಬಣ್ಣ ತಿಳಿಯಾಗಲಿಲ್ಲ. ಮುಟ್ಟಿದರೆ ತಣ್ಣಗಿತ್ತು.

ಗಾಡಿ ಬಂತು. ಇಳಿದ ನರ್ಸ್ ಎಳೆಯ ವಯಸ್ಸಿನವನು. ಕಣ್ಣಿಗೆ ಬೆಳಕು ಬಿಟ್ಟು ನೋಡಿದ, ಎದೆಗೆ ವೈರು ಹಚ್ಚಿ ನೋಡಿದ, ತಾನೂ ಸ್ವಲ್ಪ ಹೊತ್ತು ಒತ್ತಿದ. ಆಮೇಲೆ ಮಹೇಶ್ವರಿಯನ್ನು ಪಕ್ಕಕ್ಕೆ ಕರೆದ.

"ನೀವು ಸರಿಯಾಗೇ ಮಾಡೀರಿ ಅಕ್ಕಾರ. ಆದ್ರ ಆಕಿ ನೀರಾಗ ಇದ್ದಾಗ ಹೋಗ್ಯಾಳ. ದವಾಖಾನಿಗೆ ಒಯ್ಯೂಣು. ಡಾಕ್ಟ್ರು ನೋಡಿ ಹೇಳಬೇಕು, ಪೊಲೀಸರಿಗೂ ತಿಳಿಸಬೇಕಾಗ್ತೈತಿ."

ಪಿಸುಮಾತಾದರೂ ಹಿಂದೆ ನಿಂತವರಿಗೆ ಕೇಳಿತು. ಪೊಲೀಸರು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. "ಒಯ್ದ್ರ ಕೊಯ್ತಾರ," ಎಂಬ ಮಾತು ಬಾಯಿಂದ ಬಾಯಿಗೆ ದಾಟಿ ಹುಲಗಮ್ಮನನ್ನು ಮುಟ್ಟಿತು. ಅವಳು ಮಗಳ ಮೇಲೆ ಅಡ್ಡ ಬಿದ್ದಳು. "ನನ್ನ ಮಗಳನ್ನ ಯಾರೂ ಮುಟ್ಟಬ್ಯಾಡ್ರಿ. ಎಲ್ಲಿಗೂ ಕಳಸೂದಿಲ್ಲ."

ಅಷ್ಟರಲ್ಲಿ ಫೋನಿನಲ್ಲಿ ಸುದ್ದಿ ತಿಳಿದು ಹಿಟ್ನಾಳದಿಂದ ಹುಲಗಮ್ಮನ ತಮ್ಮ ಯಂಕೇಶ ಮೋಟಾರ್ ಸೈಕಲ್ಲಿನಲ್ಲಿ ಬಂದು ಇಳಿದ. ಅನುಷಾ ಅವನ ಕೈಯಲ್ಲಿ ಆಡಿ ಬೆಳೆದವಳು. ಮಗುವನ್ನು ನೋಡಿ ಹಣೆ ಹಣೆ ಬಡಿದುಕೊಂಡ. ಆಮೇಲೆ ಏನೋ ನೆನಪಾದವನಂತೆ ಜೇಬಿನಿಂದ ಮೊಬೈಲು ತೆಗೆದ. ಬೆರಳಿನಿಂದ ಸರಿಸಿ ಸರಿಸಿ ಹುಡುಕಿದ.

"ಅಕ್ಕಾ, ಇಲ್ಲಿ ನೋಡಿಲ್ಲಿ. ನೀರಾಗ ಬಿದ್ದು ಸತ್ತವರನ್ನ ಉಪ್ಪಿನ್ಯಾಗ ಮುಚ್ಚಿ ಇಟ್ರ ಜೀವ ಬರ್ತೈತಂತ. ಉಪ್ಪು ಮೈಯಾನ ನೀರೆಲ್ಲ ಎಳಕೊಂತೈತಂತ. ಬಂದಾವ, ಒಂದಲ್ಲ ಎರಡಲ್ಲ. ಫೋಟೋ ಸೈತ ಐತಿ ನೋಡು."

ಜನ ಅವನನ್ನು ಮುತ್ತಿದರು. ನಾನೂ ನೋಡಿದ್ದೆ ಎಂದರು ಒಬ್ಬರು. ನಮ್ಮ ಮೊಬೈಲಿಗೂ ಬಂದಿತ್ತು ಎಂದರು ಇನ್ನೊಬ್ಬರು. ಗಾಡಿಯ ನರ್ಸ್ ಹುಡುಗ, "ಅದು ಸುಳ್ಳರಿ ಅಣ್ಣಾರ," ಎಂದ. ಯಂಕೇಶ ಅವನ ಎದೆಗೆ ಕೈ ಹಚ್ಚಿ ನೂಕಿದ. "ನಿಂದೇನು ಹೋಗ್ತೈತಿ? ನಿನ್ನ ಅಕ್ಕನ ಮಗಳೇನು ಆಕಿ?" ಇನ್ನೊಂದು ಕರೆ ಬಂದಿತೆಂದು ಗಾಡಿ ಹೊರಟುಹೋಯಿತು.

ಆಗ ಹುಲಗಮ್ಮ ಮಹೇಶ್ವರಿಯ ಕಡೆ ತಿರುಗಿದಳು.

"ನೀ ಹೇಳು ಮಹೇಶ್ವರಿ. ನೀ ಕಲತಾಕಿ ಅದಿ. ಉಪ್ಪು ಹಾಕಿದ್ರ ಬರ್ತಾಳೇನು?"

ಮಹೇಶ್ವರಿಗೆ ಉತ್ತರ ಗೊತ್ತಿತ್ತು. ಗಾಡಿ ಬರುವ ಮೊದಲೇ ಗೊತ್ತಿತ್ತು, ತುಟಿ ತಣ್ಣಗಾದಾಗಲೇ. 'ಇಲ್ಲಕ್ಕ' ಎಂಬ ಒಂದು ಮಾತು ಸಾಕಿತ್ತು. ಹುಲಗಮ್ಮ ಇನ್ನೂ ಮಗಳ ಪಾದ ಉಜ್ಜುತ್ತಲೇ ಇದ್ದಳು.

"ನನಗ ಗೊತ್ತಿಲ್ಲಕ್ಕ," ಎಂದಳು ಮಹೇಶ್ವರಿ.

ಅಷ್ಟು ಸಾಕಾಯಿತು. ಅನುಷಾಳನ್ನು ಎತ್ತಿ ಮನೆಯ ಮುಂದಿನ ಅಂಗಳಕ್ಕೆ ತಂದರು. ಅಂಗಡಿಯಲ್ಲಿದ್ದ ಉಪ್ಪಿನ ಚೀಲಗಳು ಬಂದವು. ಅವು ಸಾಲಲಿಲ್ಲ. ಆಗ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಗೆ ಓಡಿದರು. ಡಬ್ಬಿಯಲ್ಲಿದ್ದದ್ದು, ಗಡಿಗೆಯಲ್ಲಿದ್ದದ್ದು, ಉಪ್ಪಿನಕಾಯಿಗೆಂದು ತೆಗೆದಿಟ್ಟ ಹರಳುಪ್ಪು, ಎಲ್ಲ ಬಂತು. ನಡೆಯಲಾಗದ ಮುದುಕಿಯೊಬ್ಬಳು ಮೊಮ್ಮಗಳ ಕೈಯಲ್ಲಿ ಒಂದು ಬಟ್ಟಲು ಕೊಟ್ಟು ಕಳಿಸಿದಳು. ಹೈದರಸಾಬನ ಹೆಂಡತಿ ಜೋಹರಾಬಿಯೂ ಸೆರಗಿನಲ್ಲಿ ತುಂಬಿ ತಂದು ಸುರಿದಳು. ಅಂದು ಊರಿನಲ್ಲಿ ಅಡಿಗೆಗೆ ಹಾಕಲು ಚಿಟಿಕೆ ಉಪ್ಪು ಉಳಿದಿರಲಿಕ್ಕಿಲ್ಲ. ಅನುಷಾಳ ಮುಖ ಮಾತ್ರ ಬಿಟ್ಟು ಉಳಿದದ್ದೆಲ್ಲ ಮುಚ್ಚಿತು. ಅವಳ ಒದ್ದೆ ಲಂಗಕ್ಕೆ ಉಪ್ಪು ಕರಗಿ ಅಂಚಿನಲ್ಲಿ ನೀರಾಗಿ ಹರಿಯತೊಡಗಿತು. ಜನ ಅದನ್ನೇ ತೋರಿಸಿ, "ನೀರು ಬಿಡಾಕ ಹತ್ತೈತಿ ನೋಡ್ರಿ," ಎಂದರು.

ಹೈದರಸಾಬ ಮಹೇಶ್ವರಿಯನ್ನು ಟಂಟಂನ ಮರೆಗೆ ಕರೆದ. ಅವನ ಕಣ್ಣು ಕೆಂಪಾಗಿದ್ದವು.

"ಯಾಕ ಹಂಗ ಅಂದಿ? ಗೊತ್ತಿಲ್ಲಂತ? ಗೊತ್ತಿಲ್ಲೇನು ನಿನಗ?"

"ಗೊತ್ತೈತಿ."

"ಮತ್ತ?"

"ನೀ ಹೇಳಿ ಬಾ ಹಂಗಾರ. ಹೋಗು, ಹುಲಗಕ್ಕನ ಮುಂದ ನಿಂತು ಹೇಳು, ನಿನ್ನ ಮಗಳು ಸತ್ತಾಳ, ಉಪ್ಪು ತಗಿ ಅಂತ."

ಹೈದರಸಾಬ ಅಂಗಳದ ಕಡೆ ನೋಡಿದ. ಒಂದು ಹೆಜ್ಜೆ ಇಟ್ಟ. ಆಮೇಲೆ ಟಂಟಂನ ಅಂಚಿನ ಮೇಲೆ ಕುಳಿತು ಒದ್ದೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಂಗೂ ಆಗೂದಿಲ್ಲ ತಂಗಿ," ಎಂದ.

ಮಹೇಶ್ವರಿ ಹೋಗಿ ಹುಲಗಮ್ಮನ ಪಕ್ಕ ಕುಳಿತಳು. ಮನೆಗೆ ಹೋಗುವ ಮನಸ್ಸಾಗಲಿಲ್ಲ, ಅಲ್ಲಿ ಕೂರುವುದಕ್ಕೂ ಅರ್ಥವಿರಲಿಲ್ಲ. ಹುಲಗಮ್ಮ ಮಗಳ ಮೂಗಿನ ಹತ್ತಿರ ಬೆರಳಿಡುತ್ತಿದ್ದಳು, ತೆಗೆಯುತ್ತಿದ್ದಳು. ಗಾಳಿಗೆ ಕೂದಲು ಅಲುಗಿದರೆ ಯಾರಾದರೂ, "ಅಲಗಿದಂಗಾತು," ಎನ್ನುತ್ತಿದ್ದರು. ಎಲ್ಲರೂ ಬಾಗಿ ನೋಡುತ್ತಿದ್ದರು. ಬಿಸಿಲು ಅಂಗಳ ದಾಟಿ ಗೋಡೆ ಏರಿತು. ಯಂಕೇಶ ಮೊಬೈಲಿನಲ್ಲಿ ಅದೇ ಸುದ್ದಿಯನ್ನು ಓದುತ್ತಲೇ ಇದ್ದ, ಎಷ್ಟು ಹೊತ್ತು ಇಡಬೇಕೆಂದು ಅದರಲ್ಲಿ ಬರೆದಿರಬಹುದೆಂಬಂತೆ.

ಪಕ್ಕೀರಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಸುದ್ದಿ ಕೇಳಿ ಅವನು ಆಡುಗಳನ್ನು ಹೊಲದಲ್ಲೇ ಬಿಟ್ಟು ಓಡಿ ಬಂದಿದ್ದ. ಅವು ಹೊತ್ತು ಇಳಿಯುತ್ತಲೇ ತಾವಾಗಿ ಮನೆಯ ದಾರಿ ಹಿಡಿದು ಬಂದವು. ಅಂಗಳದ ಬಾಗಿಲಲ್ಲಿ ನಿಂತು ಮೂಗೆತ್ತಿದವು. ಉಪ್ಪಿನ ವಾಸನೆ ಹತ್ತಿತು. ಜನರ ಕಾಲ ನಡುವೆ ನುಗ್ಗಿ ರಾಶಿಗೆ ಬಾಯಿ ಹಾಕಿದವು. ಒಂದು ಮರಿ ಅನುಷಾಳ ಭುಜದ ಮೇಲಿನ ಉಪ್ಪನ್ನು ನೆಕ್ಕತೊಡಗಿತು. ದಿನಾ ಅವಳ ಕೈಯಿಂದ ಹಿಂಡಿ ತಿನ್ನುವ ಮರಿ ಅದು.

ಪಕ್ಕೀರಪ್ಪ ಎದ್ದ. ಕೋಲು ಹುಡುಕಿದ, ಸಿಗಲಿಲ್ಲ. ಕೈಯಿಂದಲೇ ಅವುಗಳನ್ನು ಹಿಂದಕ್ಕೆ ದಬ್ಬಿದ. ಅವು ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬಂದವು. ಮತ್ತೆ ದಬ್ಬಿದ. ಜನ ಎದ್ದು ಹಚಾ ಹಚಾ ಎಂದು ಅಟ್ಟಿದರು. ಆಡುಗಳು ಹೋಗಲೊಲ್ಲವು. ಮೂರನೆಯ ಸಲ ಪಕ್ಕೀರಪ್ಪ ಮರಿಯನ್ನು ಎತ್ತಿ ಎದೆಗವಚಿಕೊಂಡವನು ಹಾಗೇ ನಿಂತುಬಿಟ್ಟ. ಮಗಳ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ ಅತ್ತ.

"ಸಾಕು ತಗೀರಿ," ಎಂದ. "ನನ್ನ ಕೂಸು ಹೋಗೇತಿ. ತಗೀರಿ ಉಪ್ಪು."

ಯಂಕೇಶ, "ಮಾವ, ಇನ್ನೊಂದು ತಾಸು," ಎಂದ.

"ಬ್ಯಾಡೋ ತಮ್ಮಾ. ನೋಡೂದಾಗವಲ್ದು ನನಗ."

ಹೆಣ್ಣುಮಕ್ಕಳು ಸೀರೆಗಳನ್ನು ಅಡ್ಡ ಹಿಡಿದರು. ಹುಲಗಮ್ಮ ಮತ್ತು ಮಹೇಶ್ವರಿ ಇಬ್ಬರೇ ಒಳಗೆ ಕುಳಿತು ಬೆಚ್ಚಗಿನ ನೀರಿನಿಂದ ಹುಡುಗಿಯ ಮೈಗೆ ಅಂಟಿದ ಉಪ್ಪನ್ನು ತೊಳೆದರು. ಕೂದಲಲ್ಲಿ, ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಹೊಕ್ಕ ಹರಳುಗಳು ಬೇಗ ಬಿಡಲಿಲ್ಲ. ಕುಪ್ಪಸ ಬಿಚ್ಚಿದಾಗ ಎದೆಯ ನಡುವೆ ಅಂಗೈಯಗಲದ ಕಪ್ಪು ಗಾಯ ಕಂಡಿತು. ಹುಲಗಮ್ಮನ ಕೈ ಅಲ್ಲೇ ನಿಂತಿತು.

"ಇದೇನಿದು?"

"ನಾ ಒತ್ತಿದ್ದಕ್ಕ," ಎಂದಳು ಮಹೇಶ್ವರಿ. "ಹಂಗ ಒತ್ತಬೇಕಾಗ್ತೈತಿ. ಒಂದು ಎಲುವೂ ಮುರದೈತಿ."

ಹುಲಗಮ್ಮ ಗಾಯದ ಮೇಲೆ ಅಂಗೈ ಇಟ್ಟಳು.

"ಆಕಿಗೆ ನೋವಾಗಿರ್ತೈತೇನು?"

"ಇಲ್ಲಕ್ಕ. ಆಕಿಗೆ ಏನೂ ಗೊತ್ತಾಗಿಲ್ಲ."

ಹುಲಗಮ್ಮ ತಂಬಿಗೆಯಿಂದ ಮತ್ತೆ ನೀರು ಹೊಯ್ದಳು. ಮುಖ ಎತ್ತದೆಯೇ, "ಉಪ್ಪಿನ ಮಾತು ಕೇಳಿದಾಗ ನಿನ್ನ ಮಾರಿ ನೋಡೇ ನನಗ ತಿಳೀತು," ಎಂದಳು. "ಗೊತ್ತಿಲ್ಲ ಅಂದಿ ನೋಡು, ಆವಾಗ ಖಾತ್ರಿ ಆತು. ಆದ್ರೂ ಹಾಕಸಿದೆ. ಏನ ಮಾಡ್ಲಿ."

ರಾತ್ರಿಗೆ ಮೊದಲೇ ಪೊಲೀಸರು ಬಂದರು. ಮರುದಿನ ಹೈದರಸಾಬನ ಟಂಟಂನಲ್ಲೇ ಅನುಷಾಳನ್ನು ಗಂಗಾವತಿಗೆ ಒಯ್ದರು. ಯಾವುದಕ್ಕೆ ಹೆದರಿ ಹುಲಗಮ್ಮ ಅಡ್ಡ ಬಿದ್ದಿದ್ದಳೋ ಆ ಕೊಯ್ಯುವುದೂ ಆಯಿತು. ಮಧ್ಯಾಹ್ನ ತಂದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಮಹೇಶ್ವರಿ ಕೆಂಪು ಚೀಲವನ್ನು ಗೂಟದಿಂದ ಇಳಿಸಿ ಹೈದರಸಾಬನ ಟಂಟಂನಲ್ಲಿ ಇಟ್ಟು ಬಂದಳು. "ಇನ್ನ ನನ್ನ ಕರೀಬ್ಯಾಡಣ್ಣ," ಎಂದಳು. ಅವನೇ ಒಂದು ದಪ್ಪ ಹಗ್ಗ ತಂದು ಕಾಲುವೆಯ ಮೆಟ್ಟಿಲ ಪಕ್ಕದ ಬೇವಿನ ಗಿಡಕ್ಕೆ ಕಟ್ಟಿ, ಇನ್ನೊಂದು ತುದಿಗೆ ಗಾಳಿ ತುಂಬಿದ ಟ್ಯೂಬು ಸಿಕ್ಕಿಸಿದ. ಹಿಡಿದುಕೊಳ್ಳಲು ಮೆಟ್ಟಿಲಿಗೆ ಸರಪಳಿ ಹಾಕಿಸಿಕೊಡಿ ಎಂದು ಊರಿನವರು ನೀರಾವರಿ ಇಲಾಖೆಯವರನ್ನು ಕೇಳಿಕೊಂಡರು. ನೋಡೋಣ ಎಂಬ ಉತ್ತರ ಬಂತು. ಸರಪಳಿ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಮಧ್ಯಾಹ್ನದ ಹೊತ್ತು ಹುಲಗಮ್ಮ ಬಂದಳು. ಕಟ್ಟೆಯ ಮೇಲೆ ಕೂರದೆ ನೇರ ಒಳಗೆ ಬಂದು ನೆಲದ ಮೇಲೆ ಕುಳಿತಳು. ಮಹೇಶ್ವರಿ ನೀರು ಕೊಟ್ಟಳು. ಎದುರು ಕುಳಿತಳು.

"ಅವತ್ತು ನೀ ಮಾಡಿದ್ದೇನು, ಪೂರಾ ತೋರಸು," ಎಂದಳು ಹುಲಗಮ್ಮ. "ಕಾಲಾಗ ಕುಂತಿದ್ದೆ. ಏನೂ ನೋಡಲಿಲ್ಲ ನಾನು."

"ಯಾಕಕ್ಕ ಅದೆಲ್ಲ ಈಗ?"

"ತೋರಸು."

ಮಹೇಶ್ವರಿ ಒಳಗಿನಿಂದ ಒಂದು ತಲೆದಿಂಬು ತಂದು ನಡುವೆ ಇಟ್ಟಳು. ಗದ್ದ ಎತ್ತುವುದು ಹೀಗೆ, ಮೂಗು ಮುಚ್ಚುವುದು ಹೀಗೆ ಎಂದು ಕೈಯಲ್ಲಿ ತೋರಿಸಿದಳು. ಅಂಗೈ ಮೇಲೆ ಅಂಗೈಯಿಟ್ಟು ಒತ್ತಿದಳು. ಹುಲಗಮ್ಮ ಕಣ್ಣರೆಪ್ಪೆ ಮಿಟುಕಿಸದೆ ನೋಡಿದಳು. ಆಮೇಲೆ, "ಸರಿ," ಎಂದು ತಾನೇ ಮೊಣಕಾಲೂರಿ ದಿಂಬಿನ ಮೇಲೆ ಕೈಯಿಟ್ಟಳು.

ಒತ್ತಿದಳು. ಮೊದಲು ಮೆಲ್ಲಗೆ, ಆಮೇಲೆ ಭುಜದ ಭಾರವನ್ನೆಲ್ಲ ಹಾಕಿ. ಬಳೆಗಳು ಸದ್ದು ಮಾಡಿದವು. ಉಸಿರು ಏರಿತು, ಸೆರಗು ಜಾರಿತು, ನಿಲ್ಲಿಸಲಿಲ್ಲ. ಒಮ್ಮೆ ಮಾತ್ರ ಮಹೇಶ್ವರಿ ಕೈ ಮುಂದೆ ಮಾಡಿ ಅವಳ ಮೊಣಕೈಯನ್ನು ನೇರ ಮಾಡಿದಳು, ತರಬೇತಿಯಲ್ಲಿ ತನಗೆ ಮಾಡಿದ್ದಂತೆ.

ತೋಳು ಸೋತ ಮೇಲೆ ಹುಲಗಮ್ಮ ಹಿಂದಕ್ಕೆ ಕುಳಿತು ಗೋಡೆಗೆ ಒರಗಿದಳು.

"ಇಷ್ಟು ಮಾಡಿದ್ರೂ ಬರೂದಿಲ್ಲಲ್ಲ," ಎಂದಳು.

"ಒಮ್ಮೊಮ್ಮೆ ಬರ್ತೈತಕ್ಕ," ಎಂದಳು ಮಹೇಶ್ವರಿ. "ಭಾಳ ಸಲ ಬರೂದಿಲ್ಲ."

ಈ ಸಲ ಅವಳು ಇದ್ದದ್ದನ್ನೇ ಹೇಳಿದ್ದಳು. ಹುಲಗಮ್ಮ ತಲೆಯಾಡಿಸಿದಳು. ದಿಂಬಿನ ನಡುವೆ ಬಿದ್ದ ತಗ್ಗನ್ನು ಅಂಗೈಯಿಂದ ಸವರಿ ಸಮ ಮಾಡಿದಳು. ಹೊರಗೆ ರಸ್ತೆಯಲ್ಲಿ ಕಾಲೇಜು ಬಿಟ್ಟ ಹುಡುಗಿಯರು ಬಸ್ಸಿಳಿದು ಮಾತಾಡುತ್ತ ಹೋಗುವುದು ಕೇಳಿಸುತ್ತಿತ್ತು.